ಪಾತ್ರವನ್ನು ಪ್ರೀತಿಸಿದೆವು, ನಟನ ಮಾತು ನೋಯಿಸಿತು: ಈಗ ಏನು ಮಾಡಲಿ?

ಪ್ರಶ್ನೆ: ಮಾನ್ಯ ಮಾಸ್ತರರೇ, ನಾನು ಕಾರವಾರದವಳು, ವಯಸ್ಸು 54. ತಂದೆ ಸಮುದ್ರದಲ್ಲಿ ತೀರಿಕೊಂಡಾಗ ನನಗೆ ಆರು ವರ್ಷ. ಅಮ್ಮ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿ ನಾವು ಮೂವರು ಮಕ್ಕಳನ್ನು ಓದಿಸಿದಳು. ಅವಳಿಗಿದ್ದ ಒಂದೇ ಸುಖವೆಂದರೆ ಸಿನಿಮಾ, ಅದರಲ್ಲೂ ಒಬ್ಬ ನಟರ ಸಿನಿಮಾ. ಭಾನುವಾರ ಮೀನು ಬೇಗ ಖರ್ಚಾದರೆ ನನ್ನನ್ನು ಕರೆದುಕೊಂಡು ಮ್ಯಾಟಿನಿಗೆ ಹೋಗುತ್ತಿದ್ದಳು. ಥಿಯೇಟರಿನ ಹೊರಗೆ ಮಾರುವ ಹಾಡಿನ ಪುಸ್ತಕ ಕೊಂಡು ನನ್ನಿಂದ ಓದಿಸುತ್ತಿದ್ದಳು. ಕಳೆದ ವರ್ಷ ಅದೇ ನಟರು ಒಂದು ಸಂದರ್ಶನದಲ್ಲಿ, ಹೆಂಗಸರು ದುಡಿಯಲು ಹೊರಗೆ ಕಾಲಿಟ್ಟದ್ದರಿಂದಲೇ ಮನೆತನಗಳು ಹಾಳಾದವು, ಅಂಥ ಮನೆಯ ಮಕ್ಕಳಿಗೆ ಸಂಸ್ಕಾರ ಇರುವುದಿಲ್ಲ ಎಂದರು. ತುಂಡು ವಿಡಿಯೋ ನಂಬಿ ಬರೆಯುತ್ತಿಲ್ಲ, ಒಂದೂವರೆ ತಾಸಿನ ಸಂದರ್ಶನವನ್ನು ಎರಡು ಸಲ ಪೂರ್ತಿ ನೋಡಿದ್ದೇನೆ. ಅಂದಿನಿಂದ ಅವರ ಹಾಡು ಕೇಳಿದರೂ ಹೊಟ್ಟೆಯಲ್ಲಿ ಸಂಕಟ. ಅಮ್ಮನ ಮೆಚ್ಚಿನ ಚಿತ್ರವನ್ನು ಮತ್ತೆ ನೋಡಲು ಕುಳಿತೆ. ನಾಯಕ ನಾಯಕಿಯ ಕೆನ್ನೆಗೆ ಹೊಡೆದು ಅವಳನ್ನು ದಾರಿಗೆ ತರುವ ದೃಶ್ಯ ಬಂದಾಗ ಟಿವಿ ಆರಿಸಿದೆ. ಆ ದೃಶ್ಯ ಬಂದಾಗಲೆಲ್ಲ ಅಮ್ಮ ಶೇಂಗಾ ತರುತ್ತೇನೆಂದು ಎದ್ದು ಹೋಗುತ್ತಿದ್ದಳು ಎಂಬುದೂ ಆಗಲೇ ನೆನಪಾಯಿತು. ನೋಡಿದರೆ ಬೆಂಬಲಿಸಿದಂತೆ ಎಂದು ಮಗ ಹೇಳುತ್ತಾನೆ. ಕಲೆ ಬೇರೆ, ಕಲಾವಿದ ಬೇರೆ, ಇಷ್ಟು ತಿಳಿಯದೇ ಎಂದು ಮೈದುನ ಕೇಳುತ್ತಾನೆ. ನಮ್ಮ ಓಣಿಯ ಮಹಿಳಾ ಮಂಡಳದ ವಾರ್ಷಿಕೋತ್ಸವಕ್ಕೆ ಅದೇ ಚಿತ್ರ ತೋರಿಸಬೇಕೆಂದು ಮಾತಾಗಿದೆ, ನಾನು ಸಮಿತಿಯಲ್ಲಿದ್ದೇನೆ. ಅಮ್ಮನ ಟ್ರಂಕಿನಲ್ಲಿ ಆ ಹಾಡಿನ ಪುಸ್ತಕಗಳು ಇನ್ನೂ ಇವೆ, ಅವುಗಳನ್ನು ಎಸೆಯಬೇಕೇ? ನನ್ನ ಮನಸ್ಸೇ ದುರ್ಬಲವೇ?

ಉತ್ತರ: ನಿಮ್ಮ ಪತ್ರವನ್ನು ನಾನೂ ಎರಡು ಸಲ ಓದಿದೆ. ನೀವು ಬರೆದ ನಟರ ಹೆಸರನ್ನೂ ಅವರು ಯಾವ ಭಾಷೆಯವರೆಂಬುದನ್ನೂ ಇಲ್ಲಿ ಕೈಬಿಟ್ಟಿದ್ದೇನೆ. ಹೆಸರು ಬಂದ ಕೂಡಲೇ ಓದುವವರು ಅವರ ಪರ ಅಥವಾ ವಿರುದ್ಧ ನಿಂತುಬಿಡುತ್ತಾರೆ, ನಿಮ್ಮ ಪ್ರಶ್ನೆ ಹಿಂದೆ ಬೀಳುತ್ತದೆ. ಈ ಸಂಕಟ ನಿಮ್ಮೊಬ್ಬರದೂ ಅಲ್ಲ. ಶಿರಸಿಯಲ್ಲಿ ಮೂವತ್ತು ವರ್ಷ ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಕಲಿಸಿದ್ದೇನೆ, ಅದಕ್ಕಿಂತ ಹೆಚ್ಚು ಕಾಲ, ಕುಳಿತು ಮಾತಿನಲ್ಲೇ ಪಾತ್ರ ಕಟ್ಟುವ ತಾಳಮದ್ದಲೆಯಲ್ಲಿ ಅರ್ಥ ಹೇಳಿದ್ದೇನೆ. ರಸದ, ಅಂದರೆ ಕಲೆಯನ್ನು ನೋಡುವಾಗ ಮನಸ್ಸಿಗೆ ಸಿಗುವ ಸವಿಯ ಕುರಿತು ಪುಸ್ತಕದಿಂದ ತಿಳಿದದ್ದು ಒಂದಿಷ್ಟು, ವೇದಿಕೆಯ ಮೇಲೆ ಕುಳಿತು ತಿಳಿದದ್ದು ಒಂದಿಷ್ಟು. ಎರಡನ್ನೂ ಸೇರಿಸಿ ಹೇಳುತ್ತೇನೆ.

ಮೊದಲು, ನಿಮ್ಮ ಮನಸ್ಸು ದುರ್ಬಲವಾಗಿಲ್ಲ. ಸಾವಿರ ವರ್ಷಗಳ ಹಿಂದೆ ಕಾಶ್ಮೀರದ ಅಭಿನವಗುಪ್ತ ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆಯುವಾಗ ರಸಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ. ಅವುಗಳಲ್ಲಿ ಎರಡು ನಿಮ್ಮ ಪತ್ರದಲ್ಲೇ ಇವೆ. ನೋಡುತ್ತಿರುವ ಭಾವವು ಇಂಥ ಕಾಲದ, ಇಂಥ ಊರಿನ, ಇಂಥ ವ್ಯಕ್ತಿಗೆ ಸೇರಿದ್ದು ಎಂಬ ಅರಿವು ಬಿಡದೆ ಕಾಡುವುದು ಒಂದು. ಪ್ರೇಕ್ಷಕ ತನ್ನದೇ ಸುಖದುಃಖಕ್ಕೆ ವಶನಾಗಿ ಕುಳಿತಿರುವುದು ಇನ್ನೊಂದು. ಪರದೆಯ ಮೇಲೆ ನಾಯಕ ಹಾಡುತ್ತಿದ್ದರೂ ನಿಮಗೆ ಸಂದರ್ಶನದ ಕುರ್ಚಿಯಲ್ಲಿ ಕುಳಿತ ಮನುಷ್ಯನೇ ಕಾಣಿಸುತ್ತಾನೆ, ಅವನ ಮಾತು ನಿಮ್ಮ ತಾಯಿಯ ಬುಟ್ಟಿಗೆ ತಗಲುತ್ತದೆ. ಅಲ್ಲಿ ರಸ ಹುಟ್ಟದಿರುವುದು ಸಹಜ. ಹಿಂದಿನವರು ಇದನ್ನು ನೋಡುವವರ ತಪ್ಪೆಂದು ಬಗೆಯಲಿಲ್ಲ. ವಿಘ್ನ ಎಂದು ಹೆಸರಿಟ್ಟು ಅದಕ್ಕೆ ಪರಿಹಾರವನ್ನು ರಂಗದ ಕಡೆಯಿಂದ ಹುಡುಕಿದರು. ನಾಟಕಕ್ಕೆ ಮೊದಲು ನಡೆಯುವ ಪೂರ್ವರಂಗ, ಕಿರೀಟ, ಬಣ್ಣ, ಆಡುಮಾತಲ್ಲದ ಮಾತು, ಇವೆಲ್ಲ ನಟನ ಸ್ವಂತ ರೂಪವನ್ನು ಮರೆಸಲಿಕ್ಕೆ ಇರುವ ಸಾಧನಗಳು ಎಂದೇ ಅಭಿನವಗುಪ್ತ ಬರೆಯುತ್ತಾನೆ.

ನಮ್ಮ ಯಕ್ಷಗಾನದ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಒಮ್ಮೆಯಾದರೂ ಹೋಗಿದ್ದರೆ ಇದು ಕಣ್ಣಿಗೇ ಕಾಣುತ್ತದೆ. ಸಂಜೆ ಏಳಕ್ಕೆ ಕನ್ನಡಿಯ ಮುಂದೆ ಕುಳಿತವನು ನಿಮಗೆ ಗೊತ್ತಿರುವ ಮನುಷ್ಯ, ಅಡಿಕೆ ಕೊಯ್ಲಿನ ಸಾಲದ ಮಾತಾಡುತ್ತಿರುತ್ತಾನೆ. ಮುಖಕ್ಕೆ ಬಣ್ಣ ಹತ್ತಿ, ಕೇದಗೆ ಮುಂದಲೆ ಎಂಬ ತಲೆಯ ಅಲಂಕಾರ ಕಟ್ಟಿ, ಗೆಜ್ಜೆ ಬಿಗಿಯುವ ಹೊತ್ತಿಗೆ ಅವನ ಹೆಸರು ಹಿಡಿದು ಕರೆಯಲು ನಮಗೇ ಬಾಯಿ ಬರುವುದಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಎಂಬ ಯಕ್ಷಗಾನ ತಂಡ ಕಟ್ಟಿದರು. ಅವರ ದುರ್ಯೋಧನನನ್ನು ನೋಡಿದ ಹಿರಿಯರು ಇವತ್ತಿಗೂ ಆ ದುರ್ಯೋಧನನ ಬಗ್ಗೆ ಮಾತಾಡುತ್ತಾರೆ. ವೇಷದ ಒಳಗಿದ್ದ ಗೃಹಸ್ಥನ ಅಭಿಪ್ರಾಯಗಳು ಏನಿದ್ದವು ಎಂದು ಯಾರೂ ಕೇಳಿದ್ದಿಲ್ಲ, ಅವರೂ ಅದನ್ನು ವೇದಿಕೆಗೆ ತಂದು ಹೇಳಬೇಕಾದ ಸಂದರ್ಭವಿರಲಿಲ್ಲ.

ಸಿನಿಮಾಕ್ಕೆ ಕೇದಗೆ ಮುಂದಲೆಯಿಲ್ಲ. ಅಲ್ಲಿ ಮುಖವೇ ಬಂಡವಾಳ. ಒಂದೇ ಮುಖ ನೂರು ಚಿತ್ರಗಳಲ್ಲಿ ಬರುತ್ತದೆ, ಪಾತ್ರದ ಹೆಸರು ಬದಲಾದರೂ ನಾವು ನಟನ ಹೆಸರನ್ನೇ ಹೇಳುತ್ತೇವೆ. ಅವರ ಹುಟ್ಟುಹಬ್ಬ, ದಾನಧರ್ಮ, ತಾಯಿಯ ಕಾಲಿಗೆರಗುವ ಫೋಟೋ ಎಲ್ಲವೂ ಚಿತ್ರದ ಜೊತೆಗೇ ಮಾರಾಟವಾಗುತ್ತವೆ. ಅಂದರೆ ನಟನನ್ನೂ ಪಾತ್ರವನ್ನೂ ಕಲಸಿ ನಮಗೆ ಬಡಿಸಿದವರು ಸಿನಿಮಾದವರೇ. ಇಷ್ಟು ವರ್ಷ ಹಾಗೆ ಬಡಿಸಿ, ಮಾತು ಕೆಟ್ಟದಾದ ದಿನ ಮಾತ್ರ ಕಲೆ ಬೇರೆ ಕಲಾವಿದ ಬೇರೆ ಎನ್ನುವುದು ನ್ಯಾಯವಲ್ಲ. ನಿಮ್ಮ ಮೈದುನನಿಗೆ ಇದೊಂದು ಮಾತನ್ನು ಹೇಳಿ.

ಈ ಕಲಸುವಿಕೆ ನಮ್ಮ ಮನಸ್ಸಿನಲ್ಲಿ ಹೇಗೆ ಬೇರೂರುತ್ತದೆ ಎಂಬುದನ್ನು ಹೊರಗಿನ ವಿದ್ವಾಂಸರೂ ನೋಡಿದ್ದಾರೆ. 1956ರಲ್ಲಿ ಅಮೆರಿಕದ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು, ರೇಡಿಯೋ ಮತ್ತು ಟಿವಿಯಲ್ಲಿ ಕಾಣುವವರ ಜೊತೆ ಪ್ರೇಕ್ಷಕರಿಗೆ ಬೆಳೆಯುವ ಒಮ್ಮುಖದ ನಂಟಿನ ಬಗ್ಗೆ ಬರೆದರು. ಅವರಿಗೆ ನಾವು ಗೊತ್ತಿಲ್ಲ, ನಮಗೆ ಅವರು ಮನೆಯವರಂತೆ. ನಿಮ್ಮ ಮನೆಯಲ್ಲಿ ಗಂಡಸಿನ ಕುರ್ಚಿ ಖಾಲಿಯಿತ್ತು. ತಿಂಗಳಿಗೊಂದು ಭಾನುವಾರ ಆ ನಟರು ಬಂದು ಅನ್ಯಾಯದ ವಿರುದ್ಧ ಮಾತಾಡಿ, ತಾಯಿಯನ್ನು ಗೌರವಿಸಿ, ಹಾಡಿ ಹೋಗುತ್ತಿದ್ದರು. ಈಗ ಅದೇ ಬಾಯಿ ನಿಮ್ಮ ತಾಯಿಯ ದುಡಿಮೆಯನ್ನು ಜರೆದಾಗ ಆದ ನೋವು ಮನೆಯವರೊಬ್ಬರು ಕೈಬಿಟ್ಟಂಥ ನೋವೇ. ಯಾರೋ ಒಬ್ಬ ಸಿನಿಮಾದವನ ಮಾತಿಗೆ ಇಷ್ಟೇಕೆ ಎಂದು ಕೇಳುವವರಿಗೆ ಈ ಲೆಕ್ಕ ಗೊತ್ತಿಲ್ಲ.

ಇಲ್ಲಿ ನಾವೆಲ್ಲ ಮಾಡುವ ತಪ್ಪೊಂದಿದೆ. ಹೊನ್ನಾವರ ಕುಮಟಾ ಕಡೆಯವರು ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು, ಭಸ್ಮಾಸುರನನ್ನು ನೋಡಲು ರಾತ್ರಿಯಿಡೀ ಕುಳಿತರು, 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಸಂಭ್ರಮಿಸಿದರು. ಆ ಕೀಚಕನನ್ನು ನೋಡಿ ಚಿಟ್ಟಾಣಿಯವರನ್ನು ಯಾರೂ ದುಷ್ಟರೆನ್ನಲಿಲ್ಲ. ಖಳನ ಪಾತ್ರವಾದರೆ ಪಾತ್ರ ಬೇರೆ ಮನುಷ್ಯ ಬೇರೆ ಎಂಬುದು ಮಕ್ಕಳಿಗೂ ತಿಳಿಯುತ್ತದೆ. ರಾಮನ ಪಾತ್ರವಾದರೆ ಮಾತ್ರ ಆ ವಿವೇಕ ಮಂಕಾಗುತ್ತದೆ, ಒಳ್ಳೆಯತನ ನಟನದ್ದೇ ಇರಬೇಕೆಂದು ಆಸೆಪಡುತ್ತೇವೆ. 1920ರಲ್ಲಿ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ, ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಪರಿಶೀಲಿಸಿದ. ಒಂದು ಗುಣದಲ್ಲಿ ಮೇಲಿದ್ದವನಿಗೆ ಉಳಿದ ಗುಣಗಳಲ್ಲೂ ಅಧಿಕಾರಿಗಳು ಧಾರಾಳವಾಗಿ ಅಂಕ ಕೊಟ್ಟಿರುವುದು ಅವನಿಗೆ ಕಂಡಿತು. ಚೆಂದದ ಮುಖ, ಗಂಭೀರ ದನಿ, ಆದ್ದರಿಂದ ಒಳ್ಳೆಯ ವಿಚಾರ ಎಂಬ ಲೆಕ್ಕ ನಮ್ಮದೂ ಹೀಗೇ ಹುಟ್ಟಿದ್ದು.

ಹಾಗಾದರೆ ಅಷ್ಟು ಕರುಣೆಯಿಂದ ಅಭಿನಯಿಸಿದ ಮನುಷ್ಯ ಇಷ್ಟು ಸಣ್ಣ ಮಾತು ಆಡುವುದು ಹೇಗೆ ಸಾಧ್ಯ ಎಂದು ನೀವು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಇದಕ್ಕೆ ವೇದಿಕೆಯ ಅನುಭವದಿಂದ ಉತ್ತರಿಸಬಲ್ಲೆ. ತಾಳಮದ್ದಲೆಯಲ್ಲಿ ವೇಷವಿಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕುಳಿತು, ಭಾಗವತರು ಹಾಡಿದ ಪದ್ಯಕ್ಕೆ ಆಶುವಾಗಿ ಅರ್ಥ ಹೇಳುತ್ತೇವೆ. ಇವತ್ತು ವಾಲಿಯಾಗಿ ರಾಮನನ್ನು ಮಾತಿನಲ್ಲಿ ಕಟ್ಟಿಹಾಕಿದವನು ಮುಂದಿನ ವಾರ ರಾಮನಾಗಿ ವಾಲಿಗೆ ಉತ್ತರಿಸಬೇಕು. ಕರ್ಣನ ಅರ್ಥ ಹೇಳಿದ ರಾತ್ರಿ ನನ್ನ ಗಂಟಲು ನಿಜವಾಗಿಯೇ ಕಟ್ಟಿದೆ, ಸಭೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡವರನ್ನು ನೋಡಿದ್ದೇನೆ. ಬೆಳಿಗ್ಗೆ ಮೊದಲ ಬಸ್ಸು ಹಿಡಿದು ತರಗತಿಗೆ ಹೋದಾಗ ಆ ಔದಾರ್ಯ ನನ್ನ ಜೊತೆ ಬರುತ್ತಿರಲಿಲ್ಲ. ಇನ್ನೊಬ್ಬರ ನೋವಿನೊಳಗೆ ಹೊಕ್ಕು ಹೊರಬರುವುದು ಒಂದು ಕಸುಬು. ಮರಗೆಲಸದವನ ಕೈಗೆ ಉಳಿ ಒಲಿಯುವಂತೆ ಅದು ಅಭ್ಯಾಸದಿಂದ ಒಲಿಯುತ್ತದೆ. ಅಭಿಪ್ರಾಯಗಳು ಬೇರೆಡೆಯಿಂದ ಬರುತ್ತವೆ: ಹುಟ್ಟಿದ ಮನೆ, ಜಾತಿ, ಬೆಳೆದ ಕಾಲ, ಸುತ್ತಲಿನ ಹೊಗಳಿಕೆ, ಬಹಳ ವರ್ಷ ಯಾರೂ ಎದುರು ಮಾತಾಡದೇ ಇದ್ದದ್ದು. ಆ ನಟರು ಪರದೆಯ ಮೇಲೆ ತೋರಿದ ಕರುಣೆ ಸುಳ್ಳಾಗಿರಲಿಲ್ಲ. ಅದು ಬರಹಗಾರ, ನಿರ್ದೇಶಕ, ಗಾಯಕ, ಛಾಯಾಗ್ರಾಹಕ ಎಲ್ಲರೂ ಕೂಡಿ ಕಟ್ಟಿದ್ದು, ಅವರ ಮುಖದ ಮೇಲೆ ಕಾಣಿಸಿತು, ಅಷ್ಟೇ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಮೈದುನನ ಪಕ್ಷ ಸೇರಿದಂತಾಗುತ್ತದೆ. ನಿಲ್ಲಿಸುವುದಿಲ್ಲ, ಏಕೆಂದರೆ ನಟನ ವಿಚಾರ ಯಾವಾಗಲೂ ಕೃತಿಯ ಹೊರಗೇ ಉಳಿಯುವುದಿಲ್ಲ. ತಾಳಮದ್ದಲೆಯಲ್ಲೇ ನೋಡಿ. ಮಾತು ಆಶುವಾದದ್ದರಿಂದ ಕೃಷ್ಣನ ಬಾಯಲ್ಲಿ ಅರ್ಥಧಾರಿ ತನ್ನ ಕಾಲದ, ತನ್ನ ಜಾತಿಯ, ತನ್ನ ಪಕ್ಷದ ಮಾತನ್ನು ತುರುಕುವುದು ಸುಲಭ. ಹಾಸ್ಯದ ಪಾತ್ರಧಾರಿ ವಿಧವೆಯರನ್ನೋ ಕೆಳಜಾತಿಯ ಭಾಷೆಯನ್ನೋ ಹಂಗಿಸಿ ಚಪ್ಪಾಳೆ ಗಿಟ್ಟಿಸಿದ್ದನ್ನು ನಾನೇ ಕಂಡಿದ್ದೇನೆ. ಅಲ್ಲಿ ಬೇರ್ಪಡಿಸಲು ಏನೂ ಇಲ್ಲ, ವಿಷ ಅನ್ನದಲ್ಲೇ ಕಲೆತಿದೆ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುತ್ತಿದ್ದದ್ದು ಇಷ್ಟು: ನಟ ಏನು ನಂಬುತ್ತಾನೆ ಎಂದು ಕೇಳುವುದಕ್ಕಿಂತ ಮೊದಲು, ಆ ನಂಬಿಕೆ ಕೃತಿಯ ಯಾವ ಜಾಗದಲ್ಲಿ ಬಂದು ಕುಳಿತಿದೆ ಎಂದು ನೋಡಿ.

ನೀವು ಟಿವಿ ಆರಿಸಿದ ದೃಶ್ಯ ಅಂಥ ಜಾಗ. ಕೆನ್ನೆಗೆ ಹೊಡೆದು ಹೆಣ್ಣನ್ನು ತಿದ್ದುವ ದೃಶ್ಯ ಆ ಕಾಲದ ಅನೇಕ ಚಿತ್ರಗಳಲ್ಲಿದೆ. ಅದನ್ನು ಬರೆದವರು ಬೇರೆ, ತೆಗೆದವರು ಬೇರೆ, ಒಪ್ಪಿ ಚಪ್ಪಾಳೆ ತಟ್ಟಿದ ಪ್ರೇಕ್ಷಕರೂ ಇದ್ದರು. ನಟರ ಸಂದರ್ಶನವು ಆ ದೃಶ್ಯವನ್ನು ಹೊಸದಾಗಿ ಕೆಡಿಸಲಿಲ್ಲ, ಅಲ್ಲಿ ಮೊದಲೇ ಇದ್ದದ್ದನ್ನು ನಿಮಗೆ ಕಾಣುವಂತೆ ಮಾಡಿತು. ನಿಮ್ಮ ಪತ್ರದಲ್ಲಿ ನಾನು ಬಹಳ ಹೊತ್ತು ನಿಂತದ್ದು ಶೇಂಗಾದ ಸಾಲಿನ ಮೇಲೆ. ಓದು ಬರಹ ತಿಳಿಯದ, ಬೆಳಗಿನ ಜಾವಕ್ಕೆ ಎದ್ದು ಬುಟ್ಟಿ ಹೊರುತ್ತಿದ್ದ ಆ ತಾಯಿ, ತನ್ನ ಮೆಚ್ಚಿನ ನಟನ ಮೆಚ್ಚಿನ ಚಿತ್ರದಲ್ಲಿ ಸರಿಯಾಗಿ ಆ ಒಂದು ದೃಶ್ಯಕ್ಕೆ ಎದ್ದು ಹೊರಗೆ ಹೋಗುತ್ತಿದ್ದರು. ಶೇಂಗಾ ತಂದು ಮತ್ತೆ ಕುಳಿತು ಹಾಡು ಕೇಳುತ್ತಿದ್ದರು. ಅವರು ಯಾಕೆ ಎದ್ದರು ಎಂದು ನಾನು ಖಚಿತವಾಗಿ ಹೇಳಲಾರೆ, ನೀವೂ ಈಗ ಕೇಳಲಾರಿರಿ. ಆದರೆ ಚಿತ್ರವನ್ನು ಇಡಿಯಾಗಿ ನುಂಗುವುದು ಅಥವಾ ಇಡಿಯಾಗಿ ಉಗುಳುವುದು, ಈ ಎರಡೇ ದಾರಿ ಇವೆ ಎಂದು ಮಗ ಮತ್ತು ಮೈದುನ ವಾದಿಸುವಾಗ ಈ ನೆನಪನ್ನು ಕೈಯಲ್ಲಿ ಹಿಡಿದುಕೊಳ್ಳಿ.

ನನ್ನದೂ ಒಂದು ನೆನಪಿದೆ. ನಾನು ಅರ್ಥ ಹೇಳಲು ಕಲಿತದ್ದು ಒಬ್ಬ ಹಿರಿಯರ ಮಾತು ಕೇಳಿ. ಅವರ ಭೀಷ್ಮನಂಥ ಭೀಷ್ಮ ನನಗೆ ಮತ್ತೆ ಸಿಗಲಿಲ್ಲ. ಒಮ್ಮೆ ಘಟ್ಟದ ಕೆಳಗಿನ ಒಂದು ಊರಿನ ಕೂಟದಲ್ಲಿ, ಮದ್ದಲೆ ನುಡಿಸಲು ಬಂದ ಹುಡುಗ ಬೇರೆ ಜಾತಿಯವನೆಂದು ತಿಳಿದು, ಅವನನ್ನು ಊಟಕ್ಕೆ ಅಂಗಳದಲ್ಲಿ ಕೂರಿಸಬೇಕೆಂದು ಅವರು ಹಟ ಹಿಡಿದರು. ಹಾಗೆಯೇ ನಡೆಯಿತು. ನಾನು ಒಳಗಿನ ಪಂಕ್ತಿಯಲ್ಲಿ ಕುಳಿತು ಉಂಡೆ. ಎದ್ದು ಹೋಗಿ ಆ ಹುಡುಗನ ಪಕ್ಕ ಕೂರಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಆ ರಾತ್ರಿ ಅವರು ಭೀಷ್ಮನ ಅರ್ಥ ಹೇಳಿದಾಗ ಸಭೆ ಉಸಿರು ಬಿಗಿಹಿಡಿದಿತ್ತು, ಮದ್ದಲೆಗೆ ಕೈಯಿಟ್ಟವನು ಅದೇ ಹುಡುಗ. ಮರುವರ್ಷದಿಂದ ಅವರಿದ್ದ ಕೂಟಕ್ಕೆ ನಾನು ಹೋಗಲಿಲ್ಲ, ಕಾರಣವನ್ನು ಪತ್ರದಲ್ಲಿ ಬರೆದು ತಿಳಿಸಿದೆ. ಬಹಳ ವರ್ಷಗಳ ಮೇಲೆ ಆ ಮದ್ದಲೆಗಾರರೇ ಸಿಕ್ಕಾಗ, ಆ ಹಿರಿಯರ ಧ್ವನಿಮುದ್ರಣಗಳನ್ನು ಈಗಲೂ ಕೇಳುತ್ತೀರಾ ಎಂದು ಅಳುಕುತ್ತಲೇ ಕೇಳಿದೆ. ಕೇಳುತ್ತೇನೆ, ಆ ಮಾತಿಗೆ ನುಡಿಸಿದ್ದು ನಾನಲ್ಲವೇ, ಅದರಲ್ಲಿ ನನ್ನ ಪಾಲೂ ಇದೆ ಎಂದರು. ತುಸು ತಡೆದು, ಅವರ ಸನ್ಮಾನ ಸಮಾರಂಭಕ್ಕೆ ಕರೆದರು, ಹೋಗಲಿಲ್ಲ ಎಂದರು. ಗಾಯವಾದವನು ತನ್ನ ಗೆರೆಯನ್ನು ತಾನೇ ಎಳೆದುಕೊಂಡಿದ್ದ. ಅದು ನನ್ನ ಗೆರೆಗಿಂತ ಬೇರೆ ಕಡೆ ಇತ್ತು. ನಾನು ಕೂಟವನ್ನೇ ಬಿಟ್ಟೆ, ಅವರು ಕಲೆಯನ್ನು ಉಳಿಸಿಕೊಂಡು ಗೌರವವನ್ನು ಮಾತ್ರ ಹಿಂತೆಗೆದುಕೊಂಡರು.

ಈ ಕಥೆಯಲ್ಲಿ ಒಂದು ವ್ಯತ್ಯಾಸವನ್ನೂ ಗಮನಿಸಿ. ಆ ಹಿರಿಯರದ್ದು ಬರೀ ಅಭಿಪ್ರಾಯವಾಗಿರಲಿಲ್ಲ, ಎದುರಿಗಿದ್ದ ಒಬ್ಬ ಹುಡುಗನಿಗೆ ಮಾಡಿದ ಅವಮಾನ. ನಿಮ್ಮ ನಟರು ಆಡಿದ್ದು ಅಭಿಪ್ರಾಯ, ನೋವು ಕೊಡುವ, ತಪ್ಪಾದ ಅಭಿಪ್ರಾಯ. ಒಬ್ಬ ಕಲಾವಿದ ಯಾರನ್ನಾದರೂ ಹೊಡೆದಿದ್ದರೆ, ಪೀಡಿಸಿದ್ದರೆ, ಜನರನ್ನು ಹಿಂಸೆಗೆ ಎತ್ತಿಕಟ್ಟಿದ್ದರೆ ಅದು ಪೊಲೀಸು, ನ್ಯಾಯಾಲಯದ ವಿಷಯ. ಅಲ್ಲಿ ಕಲೆ ಬೇರೆ ಎಂಬ ಮಾತು ಬಲಿಯಾದವರ ಬಾಯಿ ಮುಚ್ಚಿಸಲು ಬಳಕೆಯಾಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ನೋಡಿದರೆ ಬೆಂಬಲಿಸಿದಂತೆ ಎಂಬ ಮಗನ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಸ ಚಿತ್ರದ ವಿಷಯದಲ್ಲಿ ಅದು ಬಹುಮಟ್ಟಿಗೆ ನಿಜ. ಮೊದಲ ವಾರದ ಟಿಕೆಟ್ ಮಾರಾಟದ ಮೇಲೆ ನಟನ ಮಾರುಕಟ್ಟೆ ನಿಲ್ಲುತ್ತದೆ, ಮುಂದಿನ ಸಂಭಾವನೆಯೂ ಮಾತಿಗೆ ಸಿಗುವ ವೇದಿಕೆಯೂ ಅದರಿಂದಲೇ ಹಿಗ್ಗುತ್ತವೆ. ದೊಡ್ಡ ನಟರು ಎಷ್ಟೋ ಸಲ ಲಾಭದಲ್ಲಿ ಪಾಲುದಾರರೂ ಆಗಿರುತ್ತಾರೆ. ನಲವತ್ತು ವರ್ಷ ಹಿಂದಿನ ಚಿತ್ರದ ಲೆಕ್ಕ ಬೇರೆ. ಸಾಮಾನ್ಯವಾಗಿ ನಟರ ಸಂಭಾವನೆ ಚಿತ್ರ ತಯಾರಾಗುವಾಗಲೇ ಸಂದಾಯವಾಗಿರುತ್ತದೆ, ಪ್ರಸಾರದ ಹಕ್ಕು ನಿರ್ಮಾಪಕರ ಬಳಿಯೋ ಅದನ್ನು ಕೊಂಡವರ ಬಳಿಯೋ ಇರುತ್ತದೆ. ನೀವು ಮನೆಯ ಟಿವಿಯಲ್ಲಿ ಅಮ್ಮನ ಚಿತ್ರ ನೋಡಿದರೆ ಆ ನಟರ ಕೈ ಬಲವಾಗುತ್ತದೆ ಎಂದು ನನಗೆ ಅನಿಸುವುದಿಲ್ಲ. ಮಗನ ಬಗ್ಗೆ ಒಂದು ಮಾತು: ಅಜ್ಜಿಯ ದುಡಿಮೆಗೆ ಆದ ಅವಮಾನ ಅವನಿಗೂ ತಾಗಿದೆ, ಅದಕ್ಕೇ ಅವನು ಅಷ್ಟು ಕಟುವಾಗಿ ಮಾತಾಡುತ್ತಾನೆ. ವಾದಕ್ಕೆ ಇಳಿಯುವ ಮೊದಲು ಅದನ್ನು ಗುರುತಿಸಿ ಹೇಳಿ.

ತಾನು ನೋಡದಿರುವುದಕ್ಕೂ ಇತರರು ನೋಡದಂತೆ ಮಾಡುವುದಕ್ಕೂ ಬಹಳ ದೂರವಿದೆ. 1952ರಲ್ಲಿ ಚಾರ್ಲಿ ಚಾಪ್ಲಿನ್ ಲಂಡನ್ನಿಗೆ ಹೊರಟಾಗ, ಅವರ ರಾಜಕೀಯ ವಿಚಾರ ಸರಿಯಿಲ್ಲವೆಂದು ಅಮೆರಿಕ ಸರ್ಕಾರ ಮರಳಿ ಬರುವ ಪರವಾನಗಿಯನ್ನು ರದ್ದು ಮಾಡಿತು. ಅವರು ಮತ್ತೆ ಆ ನೆಲಕ್ಕೆ ಕಾಲಿಟ್ಟದ್ದು ಇಪ್ಪತ್ತು ವರ್ಷಗಳ ಮೇಲೆ, 1972ರಲ್ಲಿ, ಗೌರವ ಆಸ್ಕರ್ ಪಡೆಯಲು. ನಮ್ಮಲ್ಲೇ 2017ರಲ್ಲಿ, ತಮಿಳು ನಟ ಸತ್ಯರಾಜ್ ಕಾವೇರಿ ವಿಷಯದಲ್ಲಿ ಒಂಬತ್ತು ವರ್ಷ ಹಿಂದೆ ಆಡಿದ ಮಾತಿಗಾಗಿ ಅವರು ನಟಿಸಿದ್ದ ದೊಡ್ಡ ತೆಲುಗು ಚಿತ್ರವನ್ನು ಕರ್ನಾಟಕದಲ್ಲಿ ಬಿಡುವುದಿಲ್ಲ ಎಂದು ಕನ್ನಡ ಸಂಘಟನೆಗಳು ಪಟ್ಟು ಹಿಡಿದವು. ನಿರ್ದೇಶಕ ರಾಜಮೌಳಿ ಕನ್ನಡದಲ್ಲಿಯೇ ಮನವಿ ಮಾಡಿದರು, ಸತ್ಯರಾಜ್ ವಿಷಾದ ವ್ಯಕ್ತಪಡಿಸಿದ ಮೇಲೆ ಚಿತ್ರ ಬಂತು. ಮಾತಿನಿಂದ ನೊಂದವರ ನೋವು ನಿಜವಾಗಿತ್ತು. ಆದರೆ ಒಬ್ಬರ ಮಾತಿನ ಬೆಲೆಯನ್ನು ಆ ಚಿತ್ರಕ್ಕೆ ದುಡಿದ ನೂರಾರು ಜನ ತೆರಬೇಕಾಗಿ ಬಂದಿತ್ತು. ಅಭಿಪ್ರಾಯಕ್ಕಾಗಿ ಕಲಾವಿದನ ಅನ್ನ ಕಿತ್ತುಕೊಳ್ಳುವ ರೂಢಿ ಬೆಳೆದರೆ ನಾಳೆ ಅದು ನಮಗೆ ಪ್ರಿಯವಾದ ಅಭಿಪ್ರಾಯವನ್ನೂ ಹುಡುಕಿಕೊಂಡು ಬರುತ್ತದೆ ಎಂದು ನಾನು ಭಯಪಡುತ್ತೇನೆ.

ನಮ್ಮ ಜಿಲ್ಲೆಯವರಿಗಂತೂ ಇದು ಹೊಸ ಪಾಠವಲ್ಲ. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರು ಕೊನೆಯವರೆಗೂ ರಾಜಕೀಯ ನಿಲುವುಗಳನ್ನು ಬಹಿರಂಗವಾಗಿ ಹೇಳಿದರು. ಬಾಲ್ಯದ ಕೆಲವು ವರ್ಷಗಳನ್ನು ಶಿರಾಲಿಯ ಚಿತ್ರಾಪುರ ಮಠದಲ್ಲಿ ಕಳೆದ ಅನಂತನಾಗ್ 1994ರಲ್ಲಿ ಜನತಾದಳದಿಂದ ಶಾಸಕರಾಗಿ ಮುಂದೆ ಮಂತ್ರಿಯೂ ಆದರು. ಇಬ್ಬರ ರಾಜಕೀಯವನ್ನೂ ಒಪ್ಪದ ಮನೆಗಳಲ್ಲಿ ಇಬ್ಬರ ಅಭಿನಯವನ್ನೂ ಮೆಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದೇನೆ. ಬೇರ್ಪಡಿಸುವುದು ಇನ್ನೊಂದು ದಿಕ್ಕಿನಲ್ಲೂ ಆಗುತ್ತದೆ. ನಿಮ್ಮ ಕಾರವಾರದ ಕಡಲತೀರಕ್ಕೆ ಹೆಸರಾದ ರವೀಂದ್ರನಾಥ ಟಾಗೋರರು ಇಪ್ಪತ್ತೆರಡರ ಹರೆಯದಲ್ಲಿ ಅಲ್ಲಿ ಕುಳಿತೇ ಒಂದು ನಾಟಕ ಬರೆದರು. 2012ರಲ್ಲಿ ಕಾರ್ನಾಡರು, ಟಾಗೋರ್ ಮಹಾಕವಿ, ನಾಟಕಕಾರರಾಗಿ ಮಾತ್ರ ಎರಡನೇ ದರ್ಜೆಯವರು ಎಂದಾಗ ದೊಡ್ಡ ಗಲಾಟೆಯಾಯಿತು. ವ್ಯಕ್ತಿಯ ಮೇಲಿನ ಗೌರವ ಕೃತಿಯ ತೂಕವನ್ನು ಹೆಚ್ಚಿಸಬಾರದು ಎಂಬ ಅವರ ನೇರ ನಡೆ ನನಗೆ ಇಷ್ಟವಾಯಿತು, ತೀರ್ಪನ್ನು ಒಪ್ಪುವುದು ಬೇರೆ ಮಾತು.

ಈಗ ನಿಮ್ಮ ಮುಂದಿರುವ ದಾರಿಗಳು. ಅವರ ಎಲ್ಲ ಚಿತ್ರಗಳನ್ನೂ ಬಿಟ್ಟುಬಿಡಬಹುದು. ಮನಸ್ಸಿಗೆ ಸ್ವಚ್ಛವೆನಿಸುತ್ತದೆ, ಆದರೆ ನಿಮ್ಮ ವಿಷಯದಲ್ಲಿ ಅಮ್ಮನ ಭಾನುವಾರಗಳೂ ಅದರ ಜೊತೆ ಹೋಗುವ ಅಪಾಯವಿದೆ. ಮೇಲಾಗಿ ಪ್ರತಿಯೊಬ್ಬ ನಟನ ಮನಸ್ಸನ್ನು ಮೊದಲು ಸೋಸಿ ಆಮೇಲೆ ಚಿತ್ರ ನೋಡುತ್ತೇನೆ ಎಂದು ಹೊರಟರೆ ಆ ಸೋಸುವಿಕೆಗೆ ಕೊನೆಯಿಲ್ಲ. ಏನೂ ಆಗಿಲ್ಲವೆಂಬಂತೆ ನೋಡುತ್ತಲೇ ಇರಬಹುದು. ಅದರಲ್ಲಿ ನಿಮ್ಮ ನೋವನ್ನು ನೀವೇ ಅಲ್ಲಗಳೆಯಬೇಕಾಗುತ್ತದೆ, ಹೊಟ್ಟೆಯ ಸಂಕಟ ಹೋಗುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸ ಚಿತ್ರಕ್ಕೆ ಹಣ ಕೊಡುವುದಿಲ್ಲ, ಸನ್ಮಾನಕ್ಕೆ ಚಪ್ಪಾಳೆ ತಟ್ಟುವುದಿಲ್ಲ, ಹಳೆಯ ಚಿತ್ರಗಳನ್ನು ಒಂದು ವರ್ಷ ಮುಟ್ಟುವುದೂ ಇಲ್ಲ. ಆಮೇಲೆ ಒಂದು ದಿನ ಹಾಡಿನಿಂದ ಶುರುಮಾಡುತ್ತೇನೆ. ಹಾಡಿನಲ್ಲಿ ಗಾಯಕರ ದನಿ ಇದೆ, ಕವಿಯ ಸಾಲು ಇದೆ, ನಟರ ಪಾಲು ಅಲ್ಲಿ ಕಡಿಮೆ. ಆಗಲೂ ಬೇಡವೆನಿಸಿದರೆ ಒತ್ತಾಯ ಮಾಡಿಕೊಳ್ಳಬೇಕಾಗಿಲ್ಲ. ಕೆಲವು ಕೃತಿಗಳು ನಮ್ಮ ಪಾಲಿಗೆ ನಿಜವಾಗಿಯೇ ಮುಗಿದುಹೋಗುತ್ತವೆ, ಅದು ನಷ್ಟವೇ, ಅತ್ತರೂ ತಪ್ಪಿಲ್ಲ. ಆ ನಟರಿಗೆ ನೇರವಾಗಿ ಒಂದು ಕಾಗದ ಬರೆಯುವುದೂ ಒಂದು ದಾರಿ. ಉತ್ತರ ಬರಲಿಕ್ಕಿಲ್ಲ. ಬುಟ್ಟಿ ಹೊತ್ತು ಮೂವರನ್ನು ಓದಿಸಿದ ಹೆಂಗಸೊಬ್ಬಳು ಅವರ ಟಿಕೆಟ್ ಕೊಂಡಿದ್ದಳು ಎಂಬ ಸಂಗತಿ ಅವರ ಮೇಜಿನ ಮೇಲೆ ಒಂದು ದಿನವಾದರೂ ಇರಲಿ.

ಮಹಿಳಾ ಮಂಡಳದ ವಿಷಯಕ್ಕೆ ದೂರದ ಒಂದು ಘಟನೆ ಉಪಯೋಗವಾದೀತು. ಜರ್ಮನಿಯ ಸಂಗೀತಕಾರ ವಾಗ್ನರ್ 1850ರಲ್ಲಿ ಯಹೂದಿಗಳನ್ನು ಹೀಗಳೆದು ಲೇಖನ ಬರೆದಿದ್ದ, ಮುಂದೆ ಹಿಟ್ಲರನಿಗೆ ಅವನ ಸಂಗೀತ ಪ್ರಿಯವಾಯಿತು. 1938ರಲ್ಲಿ ಜರ್ಮನಿಯಲ್ಲಿ ಯಹೂದಿ ಮನೆ ಮಂದಿರಗಳ ಮೇಲೆ ದಾಳಿಯಾದಾಗಿನಿಂದ, ಈಗಿನ ಇಸ್ರೇಲಿನ ವಾದ್ಯವೃಂದ ಅವನ ಕೃತಿಗಳನ್ನು ನುಡಿಸುವುದನ್ನು ಬಿಟ್ಟಿತು. 2001ರ ಜುಲೈ 7ರಂದು ಜೆರುಸಲೇಮಿನಲ್ಲಿ, ಸ್ವತಃ ಯಹೂದಿಯಾದ ಬ್ಯಾರೆನ್‌ಬಾಯ್ಮ್ ಎಂಬ ವಾದ್ಯವೃಂದ ನಿರ್ದೇಶಕರು ನಿಗದಿತ ಕಾರ್ಯಕ್ರಮ ಮುಗಿಸಿ ಸಭೆಯ ಕಡೆ ತಿರುಗಿ, ವಾಗ್ನರನ ಒಂದು ಕೃತಿ ನುಡಿಸಲೇ ಎಂದು ಕೇಳಿದರು. ಸುಮಾರು ಅರ್ಧ ತಾಸು ವಾದ ನಡೆಯಿತು. ಒಪ್ಪದ ಕೆಲವರು ಎದ್ದು ಹೊರನಡೆದರು, ಉಳಿದವರಿಗಾಗಿ ನುಡಿಸಲಾಯಿತು. ಅದು ಸರಿಯೇ ತಪ್ಪೇ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ನನಗೆ ಮುಖ್ಯವೆನಿಸಿದ್ದು ಕೇಳಿದ ಕ್ರಮ: ಮುಚ್ಚುಮರೆಯಿಲ್ಲ, ಹೊರಡುವವರಿಗೆ ಬಾಗಿಲು ತೆರೆದಿತ್ತು.

ನಿಮ್ಮ ಸಮಿತಿಯಲ್ಲೂ ಹಾಗೆಯೇ ಮಾಡಿ. ಸಂದರ್ಶನದ ಮಾತು ಏನು, ಅದು ನಿಮಗೇಕೆ ನೋವಾಯಿತು ಎಂದು ಐದು ನಿಮಿಷ ಹೇಳಿ. ಅಲ್ಲಿ ಬರುವ ಹೆಂಗಸರಲ್ಲಿ ಮೀನು ಮಾರುವವರು, ಗೋಡಂಬಿ ಕಾರ್ಖಾನೆಗೆ ಹೋಗುವವರು, ಶಿಕ್ಷಕಿಯರು ಇರುತ್ತಾರೆ, ಅವರಿಗೂ ಹೇಳಲು ಮಾತಿರುತ್ತದೆ. ಬೇರೆ ಚಿತ್ರ ತೋರಿಸೋಣ ಎಂದು ಬಹುಮತವಾದರೆ ಒಳ್ಳೆಯದು. ಅದೇ ಚಿತ್ರ ಎಂದಾದರೆ ತಡೆಯಲು ಹೋಗಬೇಡಿ, ಮುಗಿದ ಮೇಲೆ ಆ ಕೆನ್ನೆಗೆ ಹೊಡೆಯುವ ದೃಶ್ಯದ ಬಗ್ಗೆ ಮಾತಾಡಲು ಹತ್ತು ನಿಮಿಷ ಕೇಳಿ ಪಡೆಯಿರಿ. ನೀವು ನೋಡಲೇಬೇಕೆಂದಿಲ್ಲ, ಆ ಹೊತ್ತಿಗೆ ಅಡುಗೆಯ ಉಸ್ತುವಾರಿ ನೋಡಿಕೊಳ್ಳಬಹುದು. ಅಂದಹಾಗೆ, ಚಿತ್ರವನ್ನು ಸಾರ್ವಜನಿಕವಾಗಿ ತೋರಿಸಲು ಹಕ್ಕು ಹೊಂದಿದವರ ಒಪ್ಪಿಗೆ ಬೇಕು. ಯಾವ ಚಿತ್ರವಾದರೂ ಸರಿ, ಅದನ್ನು ಮೊದಲೇ ವಿಚಾರಿಸಿ ಬರಹದಲ್ಲಿ ಪಡೆದುಕೊಳ್ಳಿ.

ಇನ್ನು ಟ್ರಂಕು. ಆ ಹಾಡಿನ ಪುಸ್ತಕಗಳನ್ನು ಎಸೆಯಬೇಡಿ. ಮೇಲಿನ ಮುಖಪುಟ ನಟರದ್ದಿರಬಹುದು, ಪುಸ್ತಕಗಳು ನಿಮ್ಮ ತಾಯಿಯವು. ಮೀನು ಮಾರಿದ ಚಿಲ್ಲರೆ ಎಣಿಸಿ ಕೊಂಡದ್ದು, ಓದಲು ಬಾರದವರು ಮಗಳ ಬಾಯಿಂದ ಓದಿಸಿಕೊಂಡದ್ದು. ಕಾರವಾರದ ಮಳೆಗಾಲಕ್ಕೆ ಹಳೆಯ ಕಾಗದ ಬೇಗ ಬೂಷ್ಟು ಹಿಡಿಯುತ್ತದೆ. ಮಳೆ ಹಿಡಿಯುವ ಮೊದಲು ಒಂದು ದಿನ ನೆರಳಿನಲ್ಲಿ ಗಾಳಿಗೆ ಹರಡಿ, ಹಾಳೆಗಳನ್ನು ಹಿಡಿದಿರುವ ಪಿನ್ನು ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆದು ದಾರದಿಂದ ಹೊಲಿಯಿರಿ, ಒಣಗಿದ ಬೇವಿನ ಎಲೆಯನ್ನು ಹತ್ತಿಬಟ್ಟೆಯಲ್ಲಿ ಕಟ್ಟಿ ಜೊತೆಗಿಡಿ. ಮಗನನ್ನೂ ಜೊತೆಗೆ ಕರೆಯಿರಿ. ಯಾವ ಪುಸ್ತಕ ಯಾವ ಭಾನುವಾರದ್ದು ಎಂಬುದು ಈಗ ನೆನಪಿರುವುದು ನಿಮ್ಮೊಬ್ಬರಿಗೇ, ಅವನು ಒಂದೊಂದರ ಹಿಂದೆ ಪೆನ್ಸಿಲಿನಲ್ಲಿ ಬರೆದಿಡಲಿ.